ಎಲ್ ಅಂದ್ರೆ ಎಲ್ಲಾ ತೋರಿಸು

ಬೆಳಗಿನ ಐದೂ ಮುಕ್ಕಾಲು. ಬ್ರೆಡ್ ಹಂಚುವ ವ್ಯಾನೊಂದು ಎರಡಂತಸ್ತಿನ ಹಳದಿ ಕಟ್ಟಡದ ಮುಂದೆ ಬಂದು ನಿಲ್ಲುತ್ತದೆ. ಚಾಲಕನ ಪಕ್ಕದ ಸೀಟಿನಿಂದ ಇಳಿದ ಹೆಂಗಸು ಬೀಗದಕೈ ಗೊಂಚಲಿನಲ್ಲಿ ಬೇಕಾದುದನ್ನು ಬೆರಳಿನಿಂದಲೇ ಗುರುತಿಸಿ ಪಕ್ಕದ ಬಾಗಿಲು ತೆರೆಯುತ್ತಾರೆ. ಅಷ್ಟರಲ್ಲಿ ವ್ಯಾನಿನೊಳಗಿಂದ ದನಿ ಬರುತ್ತದೆ: "ಊಟದ ಡಬ್ಬಿ ಇಲ್ಲೇ ಬಿಟ್ಟೆ ನೋಡು." ಅವರು ಹಿಂತಿರುಗಿ ಡಬ್ಬಿ ಇಸಿದುಕೊಳ್ಳುತ್ತಾರೆ. "ನಾನು ದಿನಾ ಮರೀತೀನಿ, ಅವರು ದಿನಾ ನೆನಪಿಸ್ತಾರೆ. ಮೂವತ್ತು ವರ್ಷದ ಸಂಸಾರ ಹೀಗೇ ನಡೆದುಬಿಡ್ತು ಸರ್," ಎನ್ನುತ್ತ ನನಗೆ ಒಳಗೆ ದಾರಿ ಬಿಡುತ್ತಾರೆ.

ದೀಪ ಹಾಕುವ ಮೊದಲು ಅವರು ಕಂಪ್ಯೂಟರ್ ಹಾಕುತ್ತಾರೆ. ಕಪ್ಪು ಪರದೆಯ ಮೂಲೆಯಲ್ಲಿ ಬಿಳಿ ಗೀಟೊಂದು ಮಿಣುಕತೊಡಗುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತಲು ಗುಂಡಿಯಿಲ್ಲ. ಸ್ವೆಟರಿನ ತೋಳು ಮೇಲಕ್ಕೆ ಸರಿಸಿ, ಎರಡೇ ಎರಡು ತೋರುಬೆರಳುಗಳಲ್ಲಿ ಅವರು ಟೈಪ್ ಮಾಡುತ್ತಾರೆ. ಪರದೆಯ ಮೇಲೆ ಹೆಸರುಗಳ ಸಾಲು ಸರಸರನೆ ಇಳಿಯುತ್ತದೆ. "ಇವತ್ತು ಇಪ್ಪತ್ತಮೂರು ಗಂಟು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮೊದಲನೆಯದಕ್ಕೆ ಕೈಹಾಕುತ್ತಾರೆ.

ಕಚೇರಿಯ ಹಾಜರಿ ಪುಸ್ತಕದಲ್ಲಿ ಇವರು ಎರಡನೇ ದರ್ಜೆ ಸಹಾಯಕಿ. ಆದರೆ ಮೇಲಿನ ಮಹಡಿಯ ನಿರ್ದೇಶಕರಿಂದ ಹಿಡಿದು ಅಂಚೆ ವ್ಯಾನಿನವರ ತನಕ ಎಲ್ಲರಿಗೂ ಇವರು 'ಗಂಟಕ್ಕ'. ಕಣ್ಣು ಕಾಣದವರಿಗಾಗಿ ಇರುವ ಈ ಧ್ವನಿ ಗ್ರಂಥಾಲಯಕ್ಕೆ ಆರುನೂರ ಇಪ್ಪತ್ತು ಸದಸ್ಯರಿದ್ದಾರೆ. ಬೇರೆ ಬೇರೆ ಊರುಗಳಲ್ಲಿ ಕುಳಿತ ಓದುಗರು ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಧ್ವನಿಮುದ್ರಿಸಿ, ಅಧ್ಯಾಯಗಳನ್ನೆಲ್ಲ ಒಂದೇ ಕಡತವಾಗಿ ಒತ್ತಿ ಕಟ್ಟಿ ಕಳಿಸುತ್ತಾರೆ. ಆ ಗಂಟನ್ನು ಬಿಚ್ಚಿ, ಏನೂ ಕಳೆದುಹೋಗಿಲ್ಲವೆಂದು ನೋಡಿ, ಅಧ್ಯಾಯಗಳನ್ನು ಸಾಲಾಗಿ ಜೋಡಿಸಿ, ಉಗುರಿನಷ್ಟಗಲದ ಮೆಮೊರಿ ಕಾರ್ಡುಗಳಿಗೆ ತುಂಬಿಸುವುದು ಗಂಟಕ್ಕನ ಕೆಲಸ. ಒಂಬತ್ತೂವರೆಗೆ ಅಂಚೆ ವ್ಯಾನ್ ಬರುತ್ತದೆ. ಅಷ್ಟರೊಳಗೆ ಕಾರ್ಡುಗಳು ಲಕೋಟೆ ಸೇರಿರಬೇಕು. ಸೇರದಿದ್ದರೆ ಯಾರೋ ಒಬ್ಬರ ಇಡೀ ವಾರ ಮೌನವಾಗಿ ಕಳೆಯುತ್ತದೆ.

ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಗಂಟು. ಅದರಲ್ಲಿ ವಾರಪತ್ರಿಕೆ, ಮಕ್ಕಳ ಪಾಠ ಹೆಚ್ಚು. ಪೂರ್ತಿ ಪುಸ್ತಕ ಒಂದೋ ಎರಡೋ. ಹನ್ನೊಂದು ವರ್ಷಗಳಲ್ಲಿ ಹಾಗೆ ಇವರ ಕೈಯಲ್ಲಿ ಬಿಚ್ಚಿಕೊಂಡ ಪುಸ್ತಕಗಳು ನಾಲ್ಕು ಸಾವಿರ ದಾಟಿವೆ. ಇವರು ಓದಿದ್ದು ಏಳನೇ ತರಗತಿ.

ಈ ಕೋಣೆ ಒಂದು ಕಾಲದಲ್ಲಿ ಪಾರ್ಸೆಲ್ ಕೋಣೆಯಾಗಿತ್ತು. ಗೋಡೆ ತುಂಬ ಮರದ ಗೂಡುಗಳು, ಮೂಲೆಯಲ್ಲಿ ತುಕ್ಕು ಹಿಡಿದ ತಕ್ಕಡಿ ಈಗಲೂ ಇವೆ. ಗಂಟಕ್ಕ ಇಲ್ಲಿಗೆ ಕೆಲಸಕ್ಕೆ ಸೇರಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಕ್ಯಾಸೆಟ್ ಪೆಟ್ಟಿಗೆಗಳಿಗೆ ದಾರ ಸುತ್ತುವುದಕ್ಕೆ. ಹತ್ತೊಂಬತ್ತು ವರ್ಷ ಕಟ್ಟಿದ್ದೇ ಕಟ್ಟಿದ್ದು. "ನಾನು ಹಾಕಿದ ಗಂಟು ಅಂಚೆಯವರ ಕೈಲೂ ಬಿಚ್ಚಕ್ಕಾಗ್ತಿರ್ಲಿಲ್ಲ. ಸದಸ್ಯರು ಮಾತ್ರ ಒಂದೇ ಎಳೆತಕ್ಕೆ ಬಿಚ್ಚೋರು. ಎಲ್ಲಿ ಎಳೀಬೇಕು ಅಂತ ಅವರಿಗೆ ಫೋನಲ್ಲಿ ಹೇಳಿಕೊಟ್ಟಿದ್ದೆ," ಎನ್ನುವಾಗ ಅವರ ಮುಖದಲ್ಲಿ ಹಳೆಯ ಕಸುಬಿನ ಹೆಮ್ಮೆ ಇಣುಕುತ್ತದೆ.

ಆಮೇಲೆ ಕ್ಯಾಸೆಟ್ ಕಾಲ ಮುಗಿಯಿತು. ಪುಸ್ತಕಗಳು ಇಂಟರ್ನೆಟ್ ತಂತಿಯ ಮೇಲೆ ಬರತೊಡಗಿದವು. ದಾರ ಬೇಡವಾಯಿತು, ತಕ್ಕಡಿ ಬೇಡವಾಯಿತು. ಅಂದಿನ ನಿರ್ದೇಶಕರು ಕರೆದು, ಆರು ತಿಂಗಳಲ್ಲಿ ಕಂಪ್ಯೂಟರ್ ಕಲಿಯಬೇಕು, ಇಲ್ಲವಾದರೆ ಗೇಟಿನ ಕೆಲಸಕ್ಕೆ ಹೋಗಬೇಕು ಎಂದರು. ಗಂಟಕ್ಕನಿಗೆ ಆಗ ನಲವತ್ತೈದು. "ಗೇಟಿನ ಕೆಲಸ ಕೀಳು ಅಂತಲ್ಲ ಸರ್. ಆದ್ರೆ ಅಲ್ಲಿ ಕೂತ್ರೆ ಬಂದೋರು ಹೋದೋರನ್ನ ಬರೀಬೇಕು ಅಷ್ಟೇ. ಪುಸ್ತಕ ಕೈಗೆ ಸಿಗಲ್ಲ. ಅವತ್ತು ಮನೆಗೆ ಹೋಗಿ ಅಡುಗೆಗೆ ಉಪ್ಪು ಹಾಕೋದನ್ನೇ ಮರೆತೆ. ಯಜಮಾನರು ಪಾಪ, ಮಾತಾಡದೆ ಊಟ ಮಾಡಿ ಎದ್ರು. ಅದೇ ನನಗೆ ಭಯ ಆಯ್ತು."

ಕಲಿಸಲು ಬಂದವರು ಗ್ರಂಥಾಲಯದ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಇಂಜಿನಿಯರ್. ಎಲ್ಲರೂ ಅವರನ್ನು 'ಮೇಷ್ಟ್ರು' ಎನ್ನುತ್ತಾರೆ. ಮೇಷ್ಟ್ರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವರ ಕಂಪ್ಯೂಟರ್ ಪರದೆಯಲ್ಲಿರುವ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ; ಅದೂ ಎಂಥ ವೇಗದಲ್ಲಿ ಎಂದರೆ, ನನ್ನ ಕಿವಿಗೆ ಅದು ತಗಡಿನ ಮೇಲೆ ಕಾಳು ಸುರಿದ ಹಾಗೆ ಕೇಳಿಸಿತು. ಎರಡು ಮೇಜು ಆಚೆ ಕುಳಿತಿರುವ ಅವರು ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನ ಗೂಟ ತೆಗೆಯದೆಯೇ ನಮ್ಮ ಮಾತಿಗೆ ಸೇರಿಕೊಳ್ಳುತ್ತಾರೆ.

"ಎಲ್ರೂ ಮೌಸ್ ಹಿಡೀರಿ ಅಂತಾರೆ. ನನಗೆ ಅದು ನಿಜವಾದ ಇಲಿ ಇದ್ದ ಹಾಗೆ, ಯಾವ ಮೂಲೆಗೆ ಓಡ್ತು ಅಂತ ಗೊತ್ತಾಗಲ್ಲ. ಕಪ್ಪು ಪರದೆ ಹಾಗಲ್ಲ. ನಾನು ಒಂದು ಸಾಲು ಬರೀತೀನಿ, ಅದು ಒಂದು ಸಾಲು ಉತ್ತರ ಕೊಡುತ್ತೆ. ಮರ್ಯಾದಸ್ಥರ ಮಾತುಕತೆ. ನನಗೆ ಗೊತ್ತಿದ್ದದ್ದೇ ಅದು, ಅದನ್ನೇ ಅಕ್ಕನಿಗೆ ಕಲಿಸ್ದೆ."

ಮೊದಲ ವಾರ ಗಂಟಕ್ಕ ಅತ್ತಿದ್ದೂ ಉಂಟು. ಇಂಗ್ಲಿಷ್ ಭಾಷೆ ಅವರಿಗೆ ಬಾರದು. ಆದರೆ ಒಂದು ದಿನ ಮೇಷ್ಟ್ರು ಹೇಳಿದ ಮಾತು ಗಂಟಲಿಗೆ ಸಿಕ್ಕಿದ್ದ ಮುಳ್ಳನ್ನು ತೆಗೆದ ಹಾಗಾಯಿತು: ಗಂಟು ಬಿಚ್ಚುವ ಆಜ್ಞೆ ಒಂದೇ ಒಂದು ಪದ. ಅದನ್ನು ಬಾಯಿಪಾಠ ಮಾಡಿದರೆ ಮುಗಿಯಿತು. ಹೇಗೆ ಬಿಚ್ಚಬೇಕು ಎನ್ನುವುದನ್ನೆಲ್ಲ ಅದರ ಮುಂದೆ ಒಂದು ಅಡ್ಡಗೀಟು ಹಾಕಿ, ಒಂದೊಂದೇ ಅಕ್ಷರದಲ್ಲಿ ಹೇಳಿದರೆ ಸಾಕು. "ಭಾಷೆ ಬರ್ದಿದ್ರೇನಂತೆ, ಏಳನೇ ಕ್ಲಾಸಿನವಳಿಗೆ ಇಪ್ಪತ್ತಾರು ಅಕ್ಷರ ಬರಲ್ವಾ? ಅವತ್ತು ಮನೆಗೆ ಹೋಗಿ ಅಡುಗೆಗೆ ಎರಡು ಸಲ ಉಪ್ಪು ಹಾಕ್ದೆ."

ಆ ಅಕ್ಷರಗಳನ್ನು ನೆನಪಿಡಲು ಅವರು ಮಾಡಿಕೊಂಡ ಉಪಾಯ ಮೇಜಿನ ಗಾಜಿನಡಿಯಲ್ಲಿ ಒಂದು ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದಿಟ್ಟದ್ದು ಇನ್ನೂ ಇದೆ. ನಾನು ಬಗ್ಗಿ ಓದುತ್ತೇನೆ. ಎಲ್ ಅಂದರೆ 'ಎಲ್ಲಾ ತೋರಿಸು': ಗಂಟು ಬಿಚ್ಚದೆಯೇ ಒಳಗೇನಿದೆ ಎಂದು ಪಟ್ಟಿ ಬರುತ್ತದೆ. ಟಿ ಅಂದರೆ 'ತಟ್ಟಿ ನೋಡು': ಮಡಕೆ ಕೊಳ್ಳುವಾಗ ತಟ್ಟಿದ ಹಾಗೆ, ಒಳಗೆ ಬಿರುಕಿದ್ದರೆ ಗೊತ್ತಾಗುತ್ತದೆ. ಡಿ ಅಂದರೆ 'ಡಬ್ಬಿ': ಬಿಚ್ಚಿದ್ದನ್ನು ಯಾವ ಡಬ್ಬಿಗೆ ಹಾಕಬೇಕೋ ಅದರ ಹೆಸರನ್ನು ಮುಂದೆ ಬರೆಯಬೇಕು. ಜೆ ಅಂದರೆ 'ಜಾಡಿಸು': ಡಬ್ಬಿಯೊಳಗೆ ಡಬ್ಬಿ, ಅದರೊಳಗೊಂದು ಡಬ್ಬಿ ಮಾಡಿ ಕಳಿಸುವ ಓದುಗರ ಗಂಟನ್ನು ಜಾಡಿಸಿ ಎಲ್ಲವನ್ನೂ ಒಂದೇ ಕಡೆ ಸುರಿಯುತ್ತದೆ. ಇನ್ನೊಂದು ಬಗೆಯ ಗಂಟಿಗೆ ಬೇರೆ ಆಜ್ಞೆ. ಅದಕ್ಕೆ ಎಕ್ಸ್ ಬೇಕು. ಎಕ್ಸ್ ಪಕ್ಕದಲ್ಲಿ ಅರ್ಥ ಬರೆದಿಲ್ಲ, ಕತ್ತರಿಯ ಚಿತ್ರವಿದೆ.

"ಅದೇ ಆಜ್ಞೇಲಿ ಎಕ್ಸ್ ಬದಲು ಸಿ ಒತ್ತಿದ್ರೆ ಹೊಸ ಗಂಟು ಕಟ್ಟೋದು ಅಂತ ಅರ್ಥ. ಹಳೇ ಗಂಟು ನಿರ್ನಾಮ," ಎನ್ನುತ್ತಾರೆ ಗಂಟಕ್ಕ. ಒಮ್ಮೆ ಅವಸರದಲ್ಲಿ ಒತ್ತಿಯೂ ಬಿಟ್ಟಿದ್ದರು. ಪರದೆಯ ಮೇಲೆ ಏನೋ ಒಂದು ಸಾಲು ಬಂತು. ಮೇಷ್ಟ್ರು ಅದನ್ನು ಓದಿಸಿಕೊಂಡು ನಕ್ಕುಬಿಟ್ಟರು. ಗಂಟಿಗೆ ಕಟ್ಟಲು ಏನನ್ನೂ ಕೊಟ್ಟಿರಲಿಲ್ಲವಾದ್ದರಿಂದ, 'ಖಾಲಿ ಗಂಟು ಕಟ್ಟಲು ನನಗೆ ಧೈರ್ಯ ಸಾಲದು, ನಾನು ಹೇಡಿ' ಎಂಬರ್ಥದ ಮಾತು ಹೇಳಿ ಯಂತ್ರ ಸುಮ್ಮನೆ ಕುಳಿತಿತ್ತು. ಪುಸ್ತಕ ಉಳಿಯಿತು. "ಧೈರ್ಯಸ್ಥರಿಗಿಂತ ಇಂಥ ಹೇಡಿಗಳೇ ವಾಸಿ ಸರ್," ಎನ್ನುತ್ತಾರೆ ಗಂಟಕ್ಕ.

ಎಲ್ಲ ತಪ್ಪುಗಳೂ ಹಾಗೆ ತಪ್ಪಿಹೋಗಲಿಲ್ಲ. ಕಪ್ಪು ಪರದೆಗೆ ಕೂತ ಮೂರನೆಯ ತಿಂಗಳು ಒಂದು ಪತ್ತೇದಾರಿ ಕಾದಂಬರಿ ಬಂತು, ಇಪ್ಪತ್ತೆರಡು ಅಧ್ಯಾಯ. ಅದೇ ದಿನ ಕೈತೋಟದ ಬಗ್ಗೆ ಇನ್ನೊಂದು ಪುಸ್ತಕದ ಎರಡನೆಯ ಕಂತು ಬಂತು, ಹದಿನೈದರಿಂದ ಇಪ್ಪತ್ತೆರಡರ ತನಕ. ಎರಡರಲ್ಲೂ ಕಡತಗಳ ಹೆಸರು ಬರಿಯ ಅಂಕಿ. ಗಂಟಕ್ಕ ಎರಡನ್ನೂ ಒಂದೇ ಡಬ್ಬಿಗೆ ಬಿಚ್ಚಿದರು. ಯಂತ್ರ ಪ್ರತಿಯೊಂದಕ್ಕೂ 'ಇಲ್ಲಿ ಹದಿನೈದು ಆಗಲೇ ಇದೆ, ಏನು ಮಾಡಲಿ' ಎಂದು ಕೇಳುತ್ತ ಪೀಡಿಸುವುದು ಬೇಡವೆಂದು ಓ ಎಂಬ ಅಕ್ಷರವನ್ನೂ ಸೇರಿಸಿದ್ದರು. ಓ ಅಂದರೆ 'ಒರೆಸಿ ಹಾಕು'. ಕೇಳದೆ, ಹೇಳದೆ, ಹಳೆಯದರ ಮೇಲೆ ಹೊಸದು ಕೂರುತ್ತದೆ. ಹನ್ನೊಂದು ಮನೆಗಳಿಗೆ ಕಾರ್ಡು ಹೋಯಿತು.

ಮುಂದಿನ ಸೋಮವಾರ ಫೋನ್ ಬಂತು. ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತುತ್ತಿದ್ದು, ನಿವೃತ್ತಿಯ ನಂತರ ದೃಷ್ಟಿ ಕಳೆದುಕೊಂಡ ಲೈನ್‌ಮನ್ ಒಬ್ಬರು ಇಲ್ಲಿಯ ಹಳೆಯ ಸದಸ್ಯರು. ಅವರು ಕೇಳಿದ ಪ್ರಶ್ನೆಯನ್ನು ಗಂಟಕ್ಕ ಅವರದೇ ಗಡಸು ದನಿಯಲ್ಲಿ ನನಗೆ ಹೇಳಿ ತೋರಿಸುತ್ತಾರೆ: "ನೋಡಮ್ಮಾ, ಪತ್ತೇದಾರ ಎಲ್ರನ್ನೂ ಹಾಲ್‌ನಲ್ಲಿ ಕೂರಿಸ್ದ. ಕೊಲೆಗಾರ ಇದೇ ಕೋಣೇಲಿದ್ದಾನೆ ಅಂದ. ನಾನು ಉಸಿರು ಬಿಗಿಹಿಡಿದು ಕೂತಿದ್ದೀನಿ. ಆಮೇಲೆ ಒಬ್ಬ ಹೆಂಗಸು ಬಂದು, ಈಗ ಒಂದೂವರೆ ಅಡಿ ಆಳದ ಗುಂಡಿ ತೋಡಿ, ಗೊಬ್ಬರ ಹಾಕಿ ಅಂತಾಳೆ. ಯಾರು ಕೊಂದ ಅಂತಾನೇ ಹೇಳ್ದೆ ಹೂಳಕ್ಕೆ ಹೊರಟ್ರಲ್ಲ, ಇದು ನ್ಯಾಯವಾ?"

ಉಳಿದ ಹತ್ತು ಮನೆಗಳಿಗೆ ಗಂಟಕ್ಕನೇ ಫೋನ್ ಮಾಡಿ ಕ್ಷಮೆ ಕೇಳಿದರು. ಅವರಲ್ಲೊಬ್ಬರು, "ತಪ್ಪಾ? ನಾನು ಹೊಸ ಥರದ ಕಾದಂಬರಿ ಅಂದ್ಕೊಂಡೆ," ಎಂದರಂತೆ. ಆದರೆ ನಿರ್ದೇಶಕರು ನಗಲಿಲ್ಲ. ಮರುದಿನದಿಂದ ಗೇಟಿಗೆ ಹೋಗಿ ಎಂದು ಆದೇಶ ಬರೆಸಿದರು. ಮೇಷ್ಟ್ರು ಗೋಡೆ ಸವರಿಕೊಂಡು ಮೇಲಿನ ಮಹಡಿ ಹತ್ತಿ, ನಿರ್ದೇಶಕರ ಮೇಜಿನ ಮುಂದೆ ನಿಂತು ಹೇಳಿದರು: "ತಪ್ಪು ನಂದು. ಒರೆಸೋ ಅಕ್ಷರ ಮೊದಲು ಕಲಿಸ್ದೆ, ಉಳಿಸೋ ಅಕ್ಷರ ಕಲಿಸ್ಲಿಲ್ಲ. ಕಳಿಸೋದಾದ್ರೆ ನನ್ನನ್ನ ಗೇಟಿಗೆ ಕಳಿಸಿ. ಬಂದೋರು ಯಾರು ಅಂತ ನಾನು ಹೇಗೆ ಬರೀತೀನೋ ನೋಡೋಣ." ನಿರ್ದೇಶಕರು ಆದೇಶದ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದರು. ಅಂದು ಸಂಜೆ ಗಂಟಕ್ಕ ಕಲಿತ ಅಕ್ಷರ ಎನ್. ಅರ್ಥ, 'ನನ್ನದನ್ನ ಮುಟ್ಟಬೇಡ'. ಆ ಹೆಸರಿನದು ಅಲ್ಲಿ ಮೊದಲೇ ಇದ್ದರೆ ಯಂತ್ರ ಅದನ್ನು ಹಾಗೆಯೇ ಬಿಟ್ಟು ಮುಂದಕ್ಕೆ ಹೋಗುತ್ತದೆ. ಅಂದಿನಿಂದ ಇಂದಿನ ತನಕ ಗಂಟಕ್ಕ ಎಲ್ ಹಾಕದೆ ಗಂಟು ಮುಟ್ಟಿಲ್ಲ, ಪ್ರತಿ ಪುಸ್ತಕಕ್ಕೂ ಬೇರೆ ಡಬ್ಬಿ, ಓ ಎಂಬ ಗುಂಡಿಯನ್ನು ಆಜ್ಞೆಗೆಂದು ಒತ್ತಿಲ್ಲ.

ಮನೆಯಲ್ಲೂ ಈ ಅಕ್ಷರಗಳು ಚಾಲ್ತಿಗೆ ಬಂದಿವೆ. ಬ್ರೆಡ್ ವ್ಯಾನಿನ ಯಜಮಾನರು ಸಂಜೆ ಮನೆಗೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು 'ಎಲ್' ಎಂದರೆ ಇವತ್ತು ಏನೇನು ಅಡುಗೆ ಎಂದು ಅರ್ಥ. ಮಗಳು ಆಸ್ಪತ್ರೆಯಲ್ಲಿ ನರ್ಸು. ಎರಡು ವಾರಕ್ಕೊಮ್ಮೆ ಬಂದಾಗ ಅವಳ ಚೀಲವನ್ನು ಅಮ್ಮ ಮುಟ್ಟಲು ಹೋದರೆ 'ಎನ್, ಎನ್' ಎಂದು ಕೂಗುತ್ತಾಳೆ.

ಹೋದ ವರ್ಷ ಬಂದ ಗಂಟಿನ ಕತೆಯನ್ನು ಮಾತ್ರ ಗಂಟಕ್ಕ ತಾವಾಗಿ ಹೇಳಲಿಲ್ಲ, ಮೇಷ್ಟ್ರು ಹೇಳಿಸಿದರು. ಇಲ್ಲಿಗೆ ಓದಿ ಕಳಿಸುವವರಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಅವರ ದನಿ ಎಂದರೆ ಸದಸ್ಯರಿಗೆ ಪ್ರಾಣ. ಒಂದು ದೊಡ್ಡ ಕಡಲಯಾನದ ಕಾದಂಬರಿಯನ್ನು ಅವರು ಎಂಟು ತಿಂಗಳು ಕೂತು ಓದಿದ್ದರು, ನಲವತ್ತಮೂರು ಅಧ್ಯಾಯ. ಗಂಟಲಿನ ಶಸ್ತ್ರಚಿಕಿತ್ಸೆಗೆ ಹೋಗುವ ಹಿಂದಿನ ದಿನ ಅದನ್ನು ಗಂಟು ಕಟ್ಟಿ ಕಳಿಸಿದರು. ಚಿಕಿತ್ಸೆ ಚೆನ್ನಾಗಿ ಆಯಿತು, ಟೀಚರ್ ಗುಣವಾದರು. ಆದರೆ ದನಿ ಹೋಯಿತು. ಈಗ ಪಿಸುಮಾತಷ್ಟೇ ಉಳಿದಿದೆ. ಅಷ್ಟರಲ್ಲಿ ಅವರ ಮನೆಯವರು ಹಳೆಯ ಕಂಪ್ಯೂಟರನ್ನು ಒಳಗಿರುವುದನ್ನೆಲ್ಲ ಅಳಿಸಿ ಯಾರಿಗೋ ಕೊಟ್ಟುಬಿಟ್ಟಿದ್ದರು.

ಇಲ್ಲಿಗೆ ಬಂದ ಗಂಟು ತುದಿಯಲ್ಲಿ ತುಂಡಾಗಿತ್ತು. ಕಳಿಸುವಾಗ ಎಲ್ಲೋ ಸಂಪರ್ಕ ಕಡಿದಿತ್ತು. ಎಲ್ ಹಾಕಿದರೆ ಯಂತ್ರ ತೋರಿಸಲಿಲ್ಲ, ಟಿ ಹಾಕಿದರೆ ತಟ್ಟಲಿಲ್ಲ. ಇದು ಗಂಟೇ ಅಲ್ಲ ಎಂದಿತು.

"ನನಗೆ ಕೈಕಾಲು ಆಡಲಿಲ್ಲ ಸರ್. ಟೀಚರ್ ದನಿ ಇರೋದು ಅದೊಂದರಲ್ಲೇ. ನಾನು ಅಳಿಸಿದ್ರೆ ಮುಗೀತು. ಹಾಗಂತ ಇಟ್ಕೊಂಡು ಏನು ಮಾಡ್ಲಿ, ಬಿಚ್ಚಕ್ಕೇ ಬರ್ತಿಲ್ಲ."

ಮೇಷ್ಟ್ರು ವಿವರಿಸುತ್ತಾರೆ. ಈ ಬಗೆಯ ಗಂಟಿನಲ್ಲಿ ಒಳಗೇನಿದೆ ಎಂಬ ಪಟ್ಟಿ ಕಟ್ಟಕಡೆಯಲ್ಲಿರುತ್ತದೆ. ತುದಿ ಹರಿದರೆ ಪಟ್ಟಿ ಹೋಯಿತು. ಪಟ್ಟಿ ಇಲ್ಲದ ಗಂಟನ್ನು ಯಂತ್ರ ಗುರುತಿಸುವುದಿಲ್ಲ. ಆದರೆ ಹರಿಯುವ ಮೊದಲಿನ ಸಾಮಾನು ಒಳಗೇ ಇರುತ್ತದೆ. ಗಂಟು ಕಟ್ಟುವ ಆಜ್ಞೆಗೆ ದೊಡ್ಡಕ್ಷರದ ಎಫ್ ಒಂದು ಸಲ ಕೊಟ್ಟರೆ ಸಣ್ಣಪುಟ್ಟ ರಿಪೇರಿ ಮಾಡುತ್ತದೆ. ಎರಡು ಸಲ ಕೊಟ್ಟರೆ ಪಟ್ಟಿಯ ಗೊಡವೆ ಬಿಟ್ಟು, ಮೊದಲಿನಿಂದ ಒಂದೊಂದೇ ತುಣುಕನ್ನು ಹುಡುಕಿ ಹೊಸ ಗಂಟು ಕಟ್ಟುತ್ತದೆ. "ಒಂದು ಎಫ್ ಅಂದ್ರೆ ಕೇಳ್ಕೊಳ್ಳೋದು, ಎರಡು ಎಫ್ ಅಂದ್ರೆ ಕಾಲಿಗೆ ಬೀಳೋದು," ಎನ್ನುತ್ತಾರೆ ಗಂಟಕ್ಕ.

ಅವರು ಮೊದಲು ಹರಿದ ಗಂಟಿನ ಮೂರು ಪ್ರತಿ ಮಾಡಿ ಮೂರು ಕಡೆ ಇಟ್ಟರು. ಒಂದು ಪ್ರತಿಯ ಮೇಲೆ ಎರಡು ಎಫ್ ಕೊಟ್ಟರು. ಇಪ್ಪತ್ತು ನಿಮಿಷ ಯಂತ್ರ ಹುಡುಕಿತು. ಆಮೇಲೆ ಪರದೆಯ ಮೇಲೆ ಅಂಕಿಗಳು ಇಳಿಯತೊಡಗಿದವು: ಒಂದು, ಎರಡು, ಮೂರು. ಎರಡೂ ಮೇಜಿನವರು ಎಣಿಸುತ್ತ ಕುಳಿತರು. ನಲವತ್ತೊಂದಕ್ಕೆ ನಿಂತಿತು. ಹೊಸ ಗಂಟನ್ನು ಹೊಸ ಡಬ್ಬಿಗೆ ಬಿಚ್ಚಿ ಮೊದಲ ಅಧ್ಯಾಯ ಹಾಕಿದಾಗ ಟೀಚರ್ ದನಿ ಕೋಣೆ ತುಂಬಿತು. ಮೇಷ್ಟ್ರು ಕಿವಿಯ ಗೂಟ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಉಳಿದ ಎರಡು ಅಧ್ಯಾಯ ಬರಲೇ ಇಲ್ಲ. ಹಡಗು ನಡುಗಡಲಲ್ಲಿ ನಿಂತಿತು. ಗಂಟಕ್ಕ ಬಸ್ಸು ಹತ್ತಿ ಟೀಚರ ಮನೆಗೆ ಹೋಗಿ, ಬೇರೆ ಯಾರಿಂದ ಓದಿಸಲಿ ಎಂದು ಕೇಳಿದರು. ಟೀಚರ್ ಅವರ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರು: "ನೀನೇ ಓದು."

"ನಾನು ಏಳನೇ ಕ್ಲಾಸು ಟೀಚರ್, ನನ್ನ ದನಿ ತರಕಾರಿ ಮಾರೋರ ಥರ ಇದೆ ಅಂದೆ. ಅವರು ಬಿಡ್ಲಿಲ್ಲ. ತರಕಾರಿ ಮಾರೋರ ದನಿ ಮೂರು ಬೀದಿಗೆ ಕೇಳುತ್ತೆ, ನನ್ನ ದನಿ ಈ ಮಂಚ ದಾಟಲ್ಲ, ಓದು ಅಂದ್ರು."

ಟೀಚರ ಮನೆಯ ಊಟದ ಮೇಜಿನ ಮೇಲೆ, ಕಿಟಕಿಗಳಿಗೆ ಕಂಬಳಿ ಕಟ್ಟಿ, ಒಂಬತ್ತು ಮಧ್ಯಾಹ್ನ ಅವರು ಓದಿದರು. ಪಕ್ಕದಲ್ಲಿ ಕುಳಿತ ಟೀಚರ್ ಪೆನ್ಸಿಲಿನಿಂದ ಮೇಜು ತಟ್ಟಿ ತಿದ್ದಿದರು. ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ಮತ್ತೆ ಓದು. ಕೊನೆಯ ದಿನ ಕೊನೆಯ ಪುಟಕ್ಕೆ ಟೀಚರ್ ಪೆನ್ಸಿಲ್ ಮುಟ್ಟಲೇ ಇಲ್ಲ. ಓದಿ ಮುಗಿಸಿ ತಲೆಯೆತ್ತಿದಾಗ ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಕಾರ್ಡು ಹೋದ ಎರಡು ವಾರಕ್ಕೆ, ಮತ್ತೊಂದು ಸೋಮವಾರ, ಫೋನ್ ಬಂತು. ಲೈನ್‌ಮನ್ ಗಂಟಲು ಸರಿಮಾಡಿಕೊಂಡರು. "ಹಡಗು ದಡ ಸೇರ್ತಮ್ಮ. ಬಹಳ ಚೆನ್ನಾಗಿ ಸೇರ್ತು. ಕೊನೇಲಿ ಓದಿದ ಹೆಣ್ಣುಮಗಳು ಯಾರೋ, ಪೊಲೀಸರು ಹಿಂದೆ ಬಿದ್ದೋರ ಥರ ಓದ್ತಾಳೆ, ಆದ್ರೆ ಮನಸ್ಸಿಟ್ಟು ಓದ್ತಾಳೆ. ಒಂದೇ ಒಂದು ಮಾತು. ಅಷ್ಟು ಹೊತ್ತು ಯಾರೋ ಬಾಗಿಲು ತಟ್ಟುತ್ತಾ ಇದ್ರಲ್ಲ, ಹೋಗಿ ತೆಗೀಬಾರ್ದಾಗಿತ್ತಾ?" ಅದು ತಾವೇ ಎಂದು ಗಂಟಕ್ಕ ಇಂದಿಗೂ ಅವರಿಗೆ ಹೇಳಿಲ್ಲ. ಟೀಚರಿಗೆ ಮಾತ್ರ ಅಂದೇ ಸುದ್ದಿ ಮುಟ್ಟಿಸಿದರು. ಆ ಕಡೆಯಿಂದ ಪಿಸುನಗು ಕೇಳಿಸಿತಂತೆ, ಬಹಳ ಹೊತ್ತು.

ಒಂಬತ್ತು ಗಂಟೆ ಹೊಡೆಯುತ್ತದೆ. ಇಪ್ಪತ್ತಮೂರರಲ್ಲಿ ಇಪ್ಪತ್ತೊಂದು ಗಂಟು ಬಿಚ್ಚಿ, ತುಂಬಿ ಆಗಿದೆ. ಎರಡರಲ್ಲಿ ಬಿರುಕಿದೆ; ಮತ್ತೊಮ್ಮೆ ಕಳಿಸಿ ಎಂದು ಓದುಗರಿಗೆ ಬರೆದಿದ್ದಾರೆ. ಲಕೋಟೆಗಳ ರಾಶಿ ಬಾಗಿಲ ಪಕ್ಕದ ಮೇಜಿಗೆ ಹೋಗುತ್ತದೆ. ಈಗ ಗಂಟಕ್ಕ ಕಿವಿಗೆ ಗೂಟ ಸಿಕ್ಕಿಸಿಕೊಂಡು ಇಂದು ಬಂದ ಒಂದೇ ಒಂದು ಪುಸ್ತಕದ ಕಾರ್ಡನ್ನು ಕೊನೆಯ ಸಲ ಪರೀಕ್ಷಿಸುತ್ತಾರೆ. ಮೊದಲ ಅಧ್ಯಾಯದ ಮೊದಲ ಅರ್ಧ ನಿಮಿಷ, ಕೊನೆಯ ಅಧ್ಯಾಯದ ಕೊನೆಯ ಅರ್ಧ ನಿಮಿಷ. ಅಷ್ಟಕ್ಕೇ ಸಮಯ.

ನಿವೃತ್ತಿಗೆ ಇನ್ನೆರಡು ವರ್ಷ. ಆಮೇಲೇನು ಎಂದು ಕೇಳುತ್ತೇನೆ. ಅವರು ಗೂಟ ತೆಗೆಯುತ್ತಾರೆ.

"ಇಲ್ಲಿ ಸದಸ್ಯಳಾಗ್ಬೇಕು ಅಂತ ಆಸೆ ಇತ್ತು. ಕಣ್ಣು ಕಾಣೋರಿಗೆ ಕೊಡಲ್ಲ, ನಿಯಮ. ಮುಚ್ಕೊಂಡು ಕೇಳ್ತೀನಿ ಅಂದೆ, ಮೇಷ್ಟ್ರು ಅದಕ್ಕೂ ಒಪ್ಪಲಿಲ್ಲ. ಇರ್ಲಿ, ಅಂಗಡೀಲಿ ಪುಸ್ತಕ ಸಿಗುತ್ತಲ್ಲ, ಕನ್ನಡಕ ಹಾಕ್ಕೊಂಡು ಓದ್ತೀನಿ. ನಾಲ್ಕು ಸಾವಿರ ಪುಸ್ತಕದ್ದು ಶುರು ಗೊತ್ತು ನನಗೆ, ಕೊನೆ ಗೊತ್ತು. ಶುರುವಿನಲ್ಲಿ ಇಬ್ಬರು ಮುಖ ಕೊಟ್ಟು ಮಾತಾಡ್ತಿರಲ್ಲ. ಕೊನೇಲಿ ನೋಡಿದ್ರೆ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡೀತಿರ್ತಾರೆ." ಅವರು ಕಾರ್ಡನ್ನು ಲಕೋಟೆಗೆ ಜಾರಿಸಿ ಅಂಟು ಒತ್ತುತ್ತಾರೆ. "ಯಾರು ಮೊದಲು ಮಾತಾಡ್ಸಿದ್ದು ಅಂತ ತಿಳ್ಕೋಬೇಕು ಸರ್. ಅಷ್ಟೇ."